ಹೆಬ್ಬಾತು ನೀರು ಕುಡಿದ ದಿನ

ಹಡಗಲಿಯ ಬಡಗೇರ ಓಣಿಯ ಮೌನೇಶನಿಗೆ ದೋಣಿ ಮಾಡುವ ಹುಚ್ಚು ಹಿಡಿಸಿದ್ದು ಒಂದು ಫೋಟೋ. ಹಿನ್ನೀರಿನ ದಂಡೆಯಲ್ಲಿ ಹಕ್ಕಿ ನೋಡಲು ಬರುವವರಿಗೆ ವಸತಿಗೃಹ ನಡೆಸುವ ಅರುಣಕುಮಾರ್ ಬಾಗಿಲು ಮಾಡಿಸಲು ಬಂದವನು, ಬಂದ ಕೆಲಸ ಬಿಟ್ಟು ಮೊಬೈಲಿನಲ್ಲಿ ಹಳೇ ಕಾಲದ ಮೋಟಾರು ದೋಣಿಯೊಂದನ್ನು ತೋರಿಸಿದ. ಉದ್ದನೆಯ ಮೂಗು, ಮಿರಮಿರ ಮಿಂಚುವ ಸಾಗವಾನಿ ಮೈ, ಹಿತ್ತಾಳೆಯ ಅಂಚು, ತಿರುಗಿಸುವ ಚಕ್ರವೂ ಕಟ್ಟಿಗೆಯದೇ.

"ಪ್ಲಾಸ್ಟಿಕ್ ದೋಣಿ ಎಲ್ಲಿ ಬೇಕಾದ್ರೂ ಸಿಗ್ತಾವ್ರಿ. ಇಂಥಾದ್ದು ಮಾಡೋರು ಈ ಕಡಿ ಯಾರೂ ಇಲ್ಲ," ಅಂದ.

ಮುಗಿಯಿತಲ್ಲ! ಯಾರೂ ಇಲ್ಲ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮೌನೇಶ ಸುಮ್ಮನೆ ಕೂರುವ ಆಸಾಮಿಯಲ್ಲ. ಬಾಗಿಲು ಮೂಲೆಗೆ ಸೇರಿತು. ಇಬ್ಬರು ಕೂರುವ ಪುಟ್ಟ ದೋಣಿಯೊಂದು ತಯಾರಾಯಿತು, ಅದಕ್ಕೆ ಮಿಂಚುಳ್ಳಿ ಎಂದು ಹೆಸರಿಟ್ಟ. ಅದರ ಬೆನ್ನಿಗೇ ಒಂದು ಸಂಸಾರ ಹಿಡಿಸುವ ಬೆಳ್ಳಕ್ಕಿ ಬಂತು. ಎರಡೂ ಚೆಂದ ಓಡಿದವು. ಅರುಣಕುಮಾರನ ಆಳುಗಳು ಹಗಲೆಲ್ಲ ಓಡಿಸಿ ಸಂಜೆ ದಂಡೆಗೆ ಎಳೆದು ಬಟ್ಟೆಯಿಂದ ಒರೆಸಿ ಇಡುತ್ತಿದ್ದರು. ಊರವರು ಕೂಡ ಮೂಗು ಮುರಿಯುವುದನ್ನು ಬಿಟ್ಟು ನೋಡಲು ಬರತೊಡಗಿದರು.

ಇಲ್ಲಿ ಅವರ ಮನೆತನದ ಪದ್ಧತಿಯೊಂದನ್ನು ಹೇಳಲೇಬೇಕು. ಮೌನೇಶನ ಅಪ್ಪ, ಅಜ್ಜ ಎಲ್ಲ ಬಂಡಿ ಮಾಡಿದವರು. ಹೊಸ ಬಂಡಿಯ ಗಾಲಿ ಮೊದಲ ಸಲ ಉರುಳುವಾಗ ಮಾಡಿದವನ ಹೆಂಡತಿ ಅದರಲ್ಲಿ ಕೂತಿರಬೇಕು. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲದವನು ಹೆಂಡತಿಯನ್ನು ಹತ್ತಿಸುತ್ತಾನೆಯೇ? ಕೊಂಡವನಿಗೆ ಅದೇ ಭರವಸೆ. ಆದರೆ ಮೌನೇಶನ ಹೆಂಡತಿ ಶಾಂತಕುಮಾರಿಗೆ ನೀರೆಂದರೆ ಆಗದು. ಅವಳ ತಮ್ಮ ದುರುಗೇಶ ತೆಪ್ಪ ಮಗುಚಿ ಹೊಳೆಯ ಪಾಲಾದಾಗಿನಿಂದ ಅವಳು ದಂಡೆಗೂ ಕಾಲಿಟ್ಟಿರಲಿಲ್ಲ. ಹಾಗಾಗಿ ಎರಡು ದೋಣಿಗಳಲ್ಲೂ ಅವಳ ಬದಲಿಗೆ ಅರಿಶಿನ ಹಚ್ಚಿದ ತೆಂಗಿನಕಾಯಿ ಕೂತು ಹೋಗಿ ಬಂದಿತ್ತು. ಪಾಪ, ಮೌನೇಶ ಒತ್ತಾಯ ಮಾಡುವ ಗಂಡನಲ್ಲ.

ಮೂರನೆಯದೇ ಹೆಬ್ಬಾತು. ಹನ್ನೆರಡು ಜನ ಕೂರುವ, ನಡುವೆ ಎಂಜಿನ್ ಇರುವ ದೊಡ್ಡ ದೋಣಿ. ದಂಡೆಗೆ ಎಳೆಯಲಾಗದಷ್ಟು ಭಾರ, ನೀರಿನಲ್ಲೇ ಕಟ್ಟಿಡಬೇಕು. ಅದರಲ್ಲಿ ಮೌನೇಶ ತನ್ನ ಬಾಗಿಲ ಕೆಲಸದ ಜಂಬವನ್ನೆಲ್ಲ ತೋರಿಸಿದ. ಹಲಗೆ ಹಲಗೆಯ ನಡುವೆ ಕೂದಲೂ ತೂರದಂತೆ ಬಿಗಿದ. ನೀರಿಗಿಳಿದು ವಾರ ಕಳೆಯುವಷ್ಟರಲ್ಲಿ ಹಲಗೆಗಳು ನೀರು ಕುಡಿದು ಉಬ್ಬಿದವು. ಉಬ್ಬಿದವಕ್ಕೆ ಸರಿಯಲು ಜಾಗವಿಲ್ಲ. ಒಂದನ್ನೊಂದು ಒತ್ತಿ, ತಿರುಪುಗಳನ್ನು ಕಿತ್ತು, ಒಳಗಿನ ಪಕ್ಕೆಲುಬಿನಂಥ ಅಡ್ಡಪಟ್ಟಿಗಳನ್ನು ಮುರಿದು, ಹೆಬ್ಬಾತು ಎಲ್ಲರೆದುರು ಬುಳುಬುಳು ಎಂದು ತಳ ಸೇರಿತು. ಬೇಸಿಗೆ ಬಂದರೆ ಸಡಿಲಾದ ಗಾಲಿಯನ್ನು ಕೆರೆಗೆ ಹಾಕಿ ಉಬ್ಬಿಸುವುದನ್ನು ಹುಟ್ಟಿದಾಗಿನಿಂದ ಕಂಡ ಬಂಡಿಗಾರನ ಮಗ ಇದನ್ನು ಮರೆತನಲ್ಲ, ಏನನ್ನಬೇಕು!

ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅರುಣಕುಮಾರ್ ನಗಲಿಲ್ಲ.

"ಇನ್ನೊಂದು ಸಲ ಮಾಡ್ರಿ ಮೌನೇಶಪ್ಪ. ಆದ್ರ ಈ ಸಲ ತೆಂಗಿನಕಾಯಿ ನಡಿಯಂಗಿಲ್ಲ. ಅಕ್ಕಾರು ಕುಂತ್ರ ನಾನೂ ಕೂಡ್ತೀನಿ. ಇಲ್ಲಾಂದ್ರ ಮೂರೂ ದೋಣಿ ವಾಪಸ್ ಒಯ್ರಿ. ಜನರ ಜೀವದ ಮಾತದು."

ತಪ್ಪೇನೂ ಹೇಳಲಿಲ್ಲ ಬಿಡಿ. ಮೌನೇಶ ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ಇದೂ ಮುಳುಗಿದ್ರ ದೋಣಿ ಸಹವಾಸ ಸಾಕು ಶಾಂತಾ. ಚೌಕಟ್ಟು, ಬಾಗಿಲು ಮಾಡ್ಕೊಂತ ಇರ್ತೀನಿ," ಅಂದ. ಅವನು ಹಾಗೆ ಸೋತು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಆದರೂ ಕೂರುತ್ತೇನೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

ಹೊಸ ಹೆಬ್ಬಾತಿಗೆ ಅವನು ಹಲಗೆಗಳ ನಡುವೆ ಸಣ್ಣ ಸಂದು ಬಿಟ್ಟ. ಸಂದಿಗೆ ಹತ್ತಿಯ ಬತ್ತಿ ತುಂಬಿ ರಾಳ ಮೆತ್ತಿದ. ಲೆಕ್ಕ ಇಷ್ಟೇ: ಮೊದಲು ನೀರು ಒಳಗೆ ಬರುತ್ತದೆ, ಕಟ್ಟಿಗೆ ಉಬ್ಬಿದಂತೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಇಳಿಸಿದರೆ ಸಂಜೆಗೆ ಸರಿಹೋದೀತು. ಸಂಜೆ ಅರುಣಕುಮಾರ್ ಬರುವವನಿದ್ದ.

ಇಳಿಸುವ ದಿನ ಶಾಂತಕುಮಾರಿ ಕರೆಯದೆಯೇ ದಂಡೆಗೆ ಬಂದಳು. ಮೌನೇಶ ಬೆಪ್ಪಾದ.

"ಸಂಜಿಗೆ ಬಾ. ಈಗ ಒಳಗ ನೀರು ಬರ್ತೈತಿ."

"ಗಾಲಿ ಉರುಳುವಾಗ ಕೂಡ್ಬೇಕಲ್ರಿ? ಎಲ್ಲಾ ಒಣಗಿದ ಮ್ಯಾಲೆ ಕುಂತ್ರ ಅದೇನು ಕುಂತಂಗ?"

"ಹುಚ್ಚಿ ಅದಿ ಏನು? ಮುಚ್ಕೊಳ್ಳಲಿಲ್ಲ ಅಂದ್ರ?"

"ಅದನ್ನ ನೀವು ಕೇಳ್ತೀರಿ ಅಂದ್ರ, ನಾನು ಮತ್ತಾರನ್ನ ಕೇಳ್ಲಿ?" ಎಂದವಳೇ ಸೆರಗು ಸಿಕ್ಕಿಸಿ ಹತ್ತಿ ಕೂತಳು. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿದ್ದಳು.

ದೋಣಿ ನೀರಿಗೆ ಜಾರಿತು. ಮೌನೇಶ ಸೊಂಟದ ಮಟ್ಟ ನೀರಿನಲ್ಲಿ ಅಂಚು ಹಿಡಿದು ನಿಂತ. ಸ್ವಲ್ಪ ಹೊತ್ತಿಗೆ ಸಂದಿಗಳಲ್ಲಿ ನೀರು ಜಿನುಗಿ ಅವಳ ಹೆಬ್ಬೆರಳು ಮುಟ್ಟಿತು. ಆಮೇಲೆ ಪಾದ ಮುಳುಗಿತು. ಶಾಂತಕುಮಾರಿ ಬಿಳಿಚಿಕೊಂಡಳು.

"ಇಳಿ ಶಾಂತಾ, ನಿನ್ನ ಕಾಲು ಬೀಳ್ತೀನಿ. ಬಾಗಿಲು ಮಾಡ್ತೀನಿ ನಾನು, ಬ್ಯಾಡ ಈ ಕೆಲ್ಸ!"

"ಬಾಯಿ ಮುಚ್ಚಿ ಆ ಚೆಂಬು ಕೊಡ್ರಿ," ಎಂದು ಗದರಿದಳು.

ಅವಳು ಚೆಂಬಿನಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ಮೌನೇಶ ಹೊರಗಿನಿಂದ ಬಾಗಿ ಬೊಗಸೆಯಲ್ಲಿ ಚೆಲ್ಲಿದ. ಅವನಿಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತ. ಹೊತ್ತು ನೆತ್ತಿಗೇರಿ ಇಳಿಯಿತು. ತಂದ ರೊಟ್ಟಿಯ ಗಂಟನ್ನು ಇಬ್ಬರೂ ಬಿಚ್ಚಲಿಲ್ಲ. ಚೆಲ್ಲಿದಷ್ಟೇ ಮತ್ತೆ ಬರುತ್ತಿದ್ದ ನೀರು ಕ್ರಮೇಣ ಚೆಲ್ಲಿದ್ದಕ್ಕಿಂತ ಕಡಿಮೆ ಬರತೊಡಗಿತು. ಕೊನೆಗೆ ಚೆಂಬಿಗೆ ಸಿಗುವಷ್ಟು ನೀರೇ ಉಳಿಯಲಿಲ್ಲ. ಅವಳು ಸೆರಗಿನಿಂದ ತಳ ಒರೆಸಿ, ಸಂದಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಗಂಡನಿಗೆ ತೋರಿಸಿದಳು. ಒಣಗಿತ್ತು.

ಹೊತ್ತು ಮುಳುಗುವ ಮುಂಚೆ ಅರುಣಕುಮಾರ್ ಬಂದ. ದೋಣಿಯನ್ನು ಸುತ್ತ ನೋಡಿದ, ಒಳಗೆ ಕೂತವಳ ಒದ್ದೆ ಸೀರೆಯನ್ನು ನೋಡಿದ.

"ಅಕ್ಕಾರ, ಒಳಗ ನೀರು ಬಂತೇನ್ರಿ?"

ಮೌನೇಶ ಹೆಂಡತಿಯ ಮುಖ ನೋಡಿದ.

"ಬಂತ್ರಿ," ಅಂದಳು ಶಾಂತಕುಮಾರಿ. "ಪಾದ ಮುಳುಗೋಮಟ ಬಂತು. ನಾನು ಎದ್ದು ಹೋಗ್ಲಿಲ್ಲ."

ಅರುಣಕುಮಾರ್ ಚಪ್ಪಲಿ ಬಿಟ್ಟು ದೋಣಿ ಹತ್ತಿ ಅವಳ ಎದುರಿಗೆ ಕೂತ.