ಹೋದ ದಾರಿಯಲ್ಲೇ ಬರುವ ಚೆಂಡು

ಕಾರ್ಖಾನೆಗಳ ಊರಾದ ಬುಟಿಬೋರಿಯಿಂದ ಸಂಜೆ ನಾಗಪುರಕ್ಕೆ ಮರಳುವ ಕಂಪನಿ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತು, ಅಂಗೈಯಲ್ಲಿ ಕೆಂಪು ಚೆಂಡೊಂದನ್ನು ಉರುಳಿಸುತ್ತ ಬರುವವನೊಬ್ಬನಿದ್ದಾನಲ್ಲ, ಅವನೇ ಧಾರವಾಡದ ಉಮಾಪತಿ. ಆಡುವ ಚೆಂಡಲ್ಲ ಅದು, ದೊಡ್ಡ ನೆಲ್ಲಿಕಾಯಿಯಷ್ಟಿದೆ. ಅವನ ಕಂಪನಿ ಕಂಪ್ಯೂಟರಿನ ಮೌಸ್, ಟ್ರ್ಯಾಕ್‌ಬಾಲ್ ಮಾಡುತ್ತದೆ. ಮೌಸ್ ಆದರೆ ಮೇಜಿನ ಮೇಲೆ ಓಡಾಡಬೇಕು. ಟ್ರ್ಯಾಕ್‌ಬಾಲ್ ಕೂತಲ್ಲೇ ಕೂತಿರುತ್ತದೆ; ಅದರ ಮೈಯಲ್ಲಿರುವ ಚೆಂಡನ್ನು ಹೆಬ್ಬೆರಳಿನಿಂದ ಉರುಳಿಸಿದರೆ ಪರದೆಯ ಮೇಲಿನ ಬಾಣ ಸರಿಯುತ್ತದೆ. ಚೆಂಡು ಎತ್ತ ಉರುಳಿತು, ಎಷ್ಟು ಉರುಳಿತು ಎಂದು ಕಂಪ್ಯೂಟರಿಗೆ ಹೇಳುವುದು ಒಳಗಿನ ಕಂಟ್ರೋಲರ್ ಚಿಪ್. ಆ ಚಿಪ್ಪಿಗೆ ಬುದ್ಧಿ ಹೇಳಿಕೊಡುವ ಕೆಲಸ ಉಮಾಪತಿಯದು.

ಅವನ ಹೆಂಡತಿ ಕಲಾವತಿಯ ಕೈಯಲ್ಲಿ ಕಸೂತಿ ಇತ್ತು. ಇತ್ತು ಅನ್ನಬೇಕು, ಯಾಕೆಂದರೆ ಸಂಧಿವಾತ ಬಂದು ಬೆರಳುಗಳು ಬಾತು, ಸೂಜಿ ಹಿಡಿಯಲಾಗದೆ ಹೋಯಿತು. ತವರಿನಿಂದ ತಂದ ಕಪ್ಪು ಇಳಕಲ್ ಸೀರೆಯ ಸೆರಗು ಅರ್ಧಕ್ಕೇ ನಿಂತಿತು. ಗೋಪುರ ಆಗಿತ್ತು, ಆನೆ ಆಗಿತ್ತು, ತೊಟ್ಟಿಲುಗಳ ಸಾಲು ಬಾಕಿ. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸುತ್ತ ಸಾಗಬೇಕು. ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೊಲಿಗೆ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟಬೇಕು. ಗಂಟು ಹಾಕುವಂತಿಲ್ಲ. ಹೀಗಾಗಿ ಅಜ್ಜಿ ಕಲಿಸಿದ ಆ ತೊಟ್ಟಿಲುಗಳು ಯಾವ ಕಾಗದದಲ್ಲೂ ಇರಲಿಲ್ಲ. ಕಲಾವತಿಯ ಕೈಯಲ್ಲಿದ್ದವು, ಕೈ ಮಾತು ಕೇಳುತ್ತಿರಲಿಲ್ಲ.

ಪಕ್ಕದ ಮನೆಯ ವಿಜಯಾ ಬ್ಲೌಸು ಹೊಲಿಯುವವಳು. ಅತ್ತಿಗೆಯನ್ನು ಕರೆಯುವಂತೆ ವಹಿನಿ ಎಂದು ಕರೆದು, ನೀವು ಹೇಳಿ, ನಾನು ಹೊಲಿಯುತ್ತೇನೆ ಎಂದು ಮರಾಠಿಯಲ್ಲಿ ಧೈರ್ಯ ಕೊಟ್ಟಳು. ಬಾಯಲ್ಲಿ ಹೇಳಿಸಿಕೊಂಡು ಚಿಂದಿ ಬಟ್ಟೆಯ ಮೇಲೆ ಒಂದು ತೊಟ್ಟಿಲು ಹೊಲಿದೂ ನೋಡಿದಳು. ನೋಡಿ ತಾನೇ ನಕ್ಕಳು, ಇದು ಇತವಾರಿ ಪೇಟೆಯ ತಳ್ಳುಗಾಡಿ ಆಯಿತಲ್ಲ ಎಂದು. ಕಲಾವತಿಯೂ ನಕ್ಕಳು. ಆಮೇಲೆ ಸೀರೆಯನ್ನು ಮಡಚಿ ಕಪಾಟಿನಲ್ಲಿಟ್ಟಳು. ಆದರೆ ಮಧ್ಯಾಹ್ನ ಒಬ್ಬಳೇ ಇದ್ದಾಗ ತೆಗೆದು ಮಡಿಲಲ್ಲಿ ಹಾಸಿಕೊಂಡು, ಖಾಲಿ ಉಳಿದ ಬಟ್ಟೆಯ ಮೇಲೆ ಅಂಗೈ ಆಡಿಸುತ್ತಿದ್ದಳು.

ಅದನ್ನು ಕಂಡೇ ಉಮಾಪತಿ ಅವಳ ಕೈಗೆ ಹೊಂದುವ ಟ್ರ್ಯಾಕ್‌ಬಾಲ್ ಮಾಡಿದ್ದು. ಹೆಬ್ಬೆರಳೊಂದೇ ಇನ್ನೂ ಸ್ವಲ್ಪ ಮಾತು ಕೇಳುತ್ತಿತ್ತು. ಬಾಣ ಓಡಿಸಿ ತೊಟ್ಟಿಲು ಬರೆಯಲೆಂದು ಪರದೆಯ ಮೇಲೆ ಎಳೆಗಳಂತೆ ಸಣ್ಣ ಚೌಕಗಳನ್ನು ಹರಡಿಕೊಟ್ಟ. ಒಂದು ಭಾನುವಾರವಿಡೀ ಕೂತ ಕಲಾವತಿ ಸಂಜೆಗೆ ಅದನ್ನು ದೂರ ತಳ್ಳಿದಳು.

“ಹೋಗೂದೇನೋ ಹೋಗತೈತ್ರಿ, ಹೊಳ್ಳಿ ಬರಾಕ ಒಲ್ಲದು.”

“ಎಲ್ಲಾರೂ ಚಲೋ ಐತಿ ಅಂತಾರಲ್ಲ ಇದಕ್ಕ.”

“ಅವರ ಬೆರಳೇನ್ ಬಾತಾವೇನ್ರಿ?”

ಉಮಾಪತಿ ಅವಳ ಪಕ್ಕಕ್ಕೆ ಬಂದು ಕೂತ. ಇನ್ನೊಮ್ಮೆ ಉರುಳಿಸಲು ಹೇಳಿ, ಪರದೆ ಬಿಟ್ಟು ಅವಳ ಹೆಬ್ಬೆರಳನ್ನೇ ನೋಡಿದ. ಮುಂದಕ್ಕೆ ತಳ್ಳುವಾಗ ಅದು ರಭಸದಿಂದ ಹೋಗುತ್ತಿತ್ತು. ಹಿಂದಕ್ಕೆ ಎಳೆಯುವಾಗ ನೋವಿಗೆ ನಿಂತು ನಿಂತು ಬರುತ್ತಿತ್ತು. ತಪ್ಪು ಅವನದೇ. ಮಾರಾಟದ ಮಾಲಿಗೆ ಮಾಡುವಂತೆಯೇ, ಜೋರಾಗಿ ಉರುಳಿಸಿದರೆ ಬಾಣ ದೂರ ಜಿಗಿಯಲಿ, ಮೆಲ್ಲಗೆ ಉರುಳಿಸಿದರೆ ತುಸುವೇ ಸರಿಯಲಿ ಎಂದು ಚಿಪ್ಪಿಗೆ ಹೇಳಿಕೊಟ್ಟಿದ್ದ. ಜಿಗಿದು ಹೋದ ಬಾಣ ಮೆಲ್ಲಗೆ ಬರುವಾಗ ನಡುದಾರಿಯಲ್ಲೇ ಉಳಿಯುತ್ತಿತ್ತು.

ಜೋರಿರಲಿ, ಮೆಲ್ಲಗಿರಲಿ, ಚೆಂಡು ಉರುಳಿದಷ್ಟೇ ಬಾಣ ಸರಿಯುವಂತೆ ತಿದ್ದಿದ. ಜೊತೆಗೆ ಕೆಲಸ ಮಾಡುವ ಅಭಿಜಿತ್, ಈ ಎತ್ತಿನ ಗಾಡಿಯನ್ನು ಯಾರು ಕೊಳ್ಳುತ್ತಾರೆ ಎಂದು ಕಾಲೆಳೆದ. ಒಬ್ಬಳಿಗೆ ಆದರೆ ಸಾಕು ಎಂದ ಉಮಾಪತಿ.

ಮೊದಲ ತೊಟ್ಟಿಲು ಹೊರಟಲ್ಲಿಗೇ ಬಂದು ಮುಟ್ಟಿದ ದಿನ ಕಲಾವತಿ ಸೀರೆಯನ್ನು ಕಪಾಟಿನಿಂದ ತಂದು ವಿಜಯಾಳ ಕೈಗಿಟ್ಟಳು. ಇವಳು ಪರದೆಯಲ್ಲಿ ಬರೆಯುವುದು, ಅವಳು ಚೌಕ ಎಣಿಸಿ ಹೊಲಿಯುವುದು. ಚಳಿಗಾಲ ಮುಗಿಯುವ ಹೊತ್ತಿಗೆ ಸೆರಗು ತುಂಬಿತು.

ಪೂರಾ ತುಂಬಲಿಲ್ಲ ಅನ್ನಿ. ಕೊನೆಯ ತೊಟ್ಟಿಲು ಚುಕ್ಕಿ ಚುಕ್ಕಿಯಾಗಿ ನಿಂತಿತ್ತು, ಸೂಜಿ ದಾರದ ಸಮೇತ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು.

“ಇದ್ಯಾಕ ಅರ್ಧಾ ಬಿಟ್ಟಾಳ ವಿಜಯಾ?”

“ನಾನ ಬಿಡಿಸೇನಿ. ಹೋಗೂದು ಆಕಿ ಹೊಲದಾಳ. ಹೊಳ್ಳಿ ಬರೂದು ನನಗಿರ್ಲಿ.”

ನಾಗಪುರದ ಬೇಸಿಗೆಗೆ ಶಾಪ ಹಾಕದವರು ಯಾರಿದ್ದಾರೆ? ಕಲಾವತಿ ಮಾತ್ರ ಅದಕ್ಕೇ ಕಾಯುತ್ತಾಳೆ. ಸೆಕೆ ಏರಿದಂತೆ ಅವಳ ಕೀಲುಗಳು ಕೊಂಚ ಸಡಿಲಾಗುತ್ತವೆ. ಬೆಳಿಗ್ಗೆ ಎದ್ದವಳೇ ಸೂಜಿಯನ್ನು ಬೆರಳ ನಡುವೆ ಹಿಡಿದು ನೋಡುತ್ತಾಳೆ, ಜಾರಿದರೆ ಇವತ್ತಲ್ಲ ಎಂದು ಮತ್ತೆ ಚುಚ್ಚಿಡುತ್ತಾಳೆ.

ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿನವರು ಬಿಸಿಲು ಮುಖಕ್ಕೆ ಹೊಡೆಯುತ್ತಿದೆ, ಕಿಟಕಿಯ ಪರದೆ ಎಳೆಯಿರಿ ಎನ್ನುತ್ತಾರೆ. ಉಮಾಪತಿ ಚೆಂಡನ್ನು ಜೇಬಿಗೆ ಹಾಕಿ, ಇನ್ನೊಂಚೂರು ಇರಲಿ ಎನ್ನುತ್ತ, ಕಿಟಕಿಯಾಚೆ ಕೈ ಚಾಚಿ ಕಾವು ಎಷ್ಟಿದೆಯೆಂದು ನೋಡುತ್ತಾನೆ.