ಸಂಬಳ ಕೇಳುವ ಗುಮಾಸ್ತರು

ನಮ್ಮ ವಿಶ್ವವಿದ್ಯಾಲಯಕ್ಕೆ ಸರ್ಕಾರ ಸುರಿಯುವ ದುಡ್ಡಿಗೆ ತಕ್ಕ ಫಲವಿದೆಯೋ, ಇಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೋ ಎಂದು ತೂಗಿ ನೋಡುವ ಭಾರವೆಲ್ಲ ಮೆಟ್ಟಿಲ ಕೆಳಗಿನ ಕೋಣೆಯ ಈ ಗುಮಾಸ್ತರ ಹೆಗಲ ಮೇಲಿದೆ. ಹತ್ತಕ್ಕೆ ಸರಿಯಾಗಿ ಬಂದು, ಕನ್ನಡಕ ಒರೆಸಿ, ಅದೇ ಬಟ್ಟೆಯನ್ನು ಫೋನಿಗೂ ಒಮ್ಮೆ ಆಡಿಸಿ, ಇಲ್ಲಿ ಓದಿ ಹೋದವರಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಾರೆ. "ಈಗ ಸಂಬಳ ಎಷ್ಟು ಬರ್ತಿದೆಯಪ್ಪಾ?" ಎನ್ನುವಾಗ ಮಾತ್ರ ಸಾಲ ಕೇಳುವವರಂತೆ ದನಿ ತಗ್ಗುತ್ತದೆ. ಕೆಲವರು ಬೈದು ಫೋನಿಡುತ್ತಾರೆ. ಕೆಲವರು ಇವರನ್ನು ತೆರಿಗೆಯವರೆಂದು ತಿಳಿದು ಸಂಬಳವನ್ನು ಅರ್ಧ ಮಾಡಿ ಹೇಳುತ್ತಾರೆ. ಓದಿಸಿದ ಖರ್ಚಿನ ಪಕ್ಕದಲ್ಲಿ ಸಂಬಳ ಬರೆದರೆ ಕೆಲಸ ಮುಗಿಯಿತು, ಆದರೆ ಇವರು ಬಿಡುವುದಿಲ್ಲ. "ಅದಿರ್ಲಿ, ಆ ನಕ್ಷತ್ರದ ಪಾಠ ನೆನಪಿದೆಯಾ? ಮೇಷ್ಟ್ರು ಬೋರ್ಡು ಸಾಲದೆ ಗೋಡೆ ಮೇಲೂ ಬರೆದುಬಿಟ್ರಲ್ಲ!" ಆ ಕಡೆಯವರು ಸಂಬಳ ಮರೆತು ನಗುತ್ತಾರೆ, ಇವರು ಊಟ ಮರೆಯುತ್ತಾರೆ. ನಗುವಿಗೆ ಫಾರಮ್ಮಿನಲ್ಲಿ ಜಾಗವಿಲ್ಲವೆಂದು ಅಂಚಿನಲ್ಲಿ ಪೆನ್ಸಿಲಿನಿಂದ 'ನಕ್ಕರು' ಎಂದು ಬರೆಯುತ್ತಾರೆ. ಮೇಲಧಿಕಾರಿ ಅದನ್ನು ರಬ್ಬರಿನಿಂದ ಅಳಿಸುತ್ತಾರೆ. ಮೊನ್ನೆ ನಾನು ಎದುರಿಗೇ ಕೂತಿದ್ದೆ. ಫೋನಿನಲ್ಲಿದ್ದ ಹೆಣ್ಣುಮಗಳು ನನಗೂ ಕೇಳುವಷ್ಟು ಗಟ್ಟಿಯಾಗಿ, "ಇಷ್ಟೆಲ್ಲ ಗೊತ್ತಲ್ಲ, ನೀವೂ ನಮ್ಮ ಕ್ಲಾಸಲ್ಲೇ ಇದ್ರಾ ಸಾರ್? ಎಲ್ಲಿ ಕೂರ್ತಿದ್ರಿ?" ಎಂದಳು. ಗುಮಾಸ್ತರು ಪೆನ್ಸಿಲು ಕೆಳಗಿಟ್ಟರು. "ಕೂರ್ತಿರ್ಲಿಲ್ಲ ಕಣಮ್ಮ. ಆಗ ನಾನು ಜವಾನ. ನಿಮ್ಮ ಕಿಟಕಿ ಒರೆಸೋದು ಐದು ನಿಮಿಷದ ಕೆಲಸ. ಪಾಠ ಮುಗಿಯೋವರೆಗೂ ಒರೆಸ್ತಿದ್ದೆ."