ಒಂದೇ ಒಂದು ಸುತ್ತು

ನಮ್ಮ ತಂದೆಯವರು ವಕೀಲರು. ಕೋರ್ಟಿನಲ್ಲಿ ಆಗಾಗ ಸೋಲುತ್ತಿದ್ದರಂತೆ. ಮನೆಯಲ್ಲಿ ಸೋತದ್ದನ್ನು ನಾನಂತೂ ನೋಡಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಊರು ಬಿಟ್ಟು ಹೊರಟ ಬ್ರಿಟಿಷ್ ದೊರೆಯೊಬ್ಬನಿಂದ ಅವರು ಒಂದು ಕಾರು ಕೊಂಡಿದ್ದರು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನು ಬಿ.ಎ. ಪಾಸಾದರೆ ಓಡಿಸಲು ಕಲಿಸುತ್ತೇನೆಂದು ಯಾವುದೋ ಖುಷಿಯಲ್ಲಿ ಮಾತು ಕೊಟ್ಟಿದ್ದರು, ಪಾಸಾಗುವುದಿಲ್ಲ ಎಂಬ ಧೈರ್ಯದಿಂದ ಇರಬೇಕು. ನಾನು ಪಾಸಾಗಿಬಿಟ್ಟೆ. ಆಮೇಲೆ ಭಾನುವಾರ ಬೆಳಗ್ಗೆ ಜಯಲಕ್ಷ್ಮಿಪುರಂನಿಂದ ಊರಾಚೆಯ ಮಂಡಕಳ್ಳಿ ಬಯಲಿನವರೆಗೂ ಅವರು ಓಡಿಸುವುದು, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಕೈಗೆ ಸ್ಟಿಯರಿಂಗ್ ಕೊಡುವುದು, ಹೀಗೆ ನಡೆಯಿತು. ಎರಡು ತಿಂಗಳಲ್ಲಿ ಕಲಿತೆ. ದಸರಾ ಮುಗಿದ ಮೇಲಿನ ಸೋಮವಾರಕ್ಕೆ ಲೈಸೆನ್ಸಿನ ಪರೀಕ್ಷೆ ಗೊತ್ತಾಯಿತು. ಅಷ್ಟೊಂದು ಆಸೆಪಟ್ಟು ನಾನು ಇನ್ನಾವುದಕ್ಕೂ ಕಾದಿದ್ದಿಲ್ಲ. ರಾತ್ರಿ ಮಲಗಿದಾಗಲೂ ಎಡಗಾಲು ತಾನಾಗಿ ಕ್ಲಚ್ ಒತ್ತುತ್ತಿತ್ತು.

ಅಷ್ಟರಲ್ಲಿ ಎಂಜಿನ್ನಿನ ಮುಂಭಾಗದಲ್ಲಿ ಒಂದು ಸದ್ದು ಶುರುವಾಯಿತು. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗರಗರ. ನಾನು ಹೇಳಿದರೆ ಅಪ್ಪ, "ನೀನು ಗೇರು ಹಾಕೋ ಚೆಂದಕ್ಕೆ ಅದು ಅಳ್ತಾ ಇದೆ" ಎಂದರು. ಅವರೇ ಓಡಿಸುವಾಗಲೂ ಅಳುತ್ತಿತ್ತಲ್ಲ ಎಂದು ನಾನು ಕೇಳಲಿಲ್ಲ. ಅಮ್ಮ ಅಪ್ಪನಿಗೆ ಬೈದು, ಮೋಟಾರು ಮೇಸ್ತ್ರಿಗೆ ಹೇಳಿ ಕಳಿಸಿದಳು.

ಮೇಸ್ತ್ರಿ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಹಳ್ಳಿಯ ಒಕ್ಕಲು ಮನೆಯವನು, ಪೇಟೆಗೆ ಬಂದು ಮೋಟಾರು ಕೆಲಸ ಕಲಿತಿದ್ದ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದ. ತಕ್ಷಣ ಎಂಜಿನ್ ನಿಲ್ಲಿಸಲು ಕೈ ಮಾಡಿದ.

"ಟೈಮಿಂಗ್ ಚೈನು ಸಡಿಲ ಆಗೋಗದೆ ಸ್ವಾಮಿ. ಕೆಳಗಡೆ ಪಿಸ್ಟನ್ನು ಆಡ್ತಿದ್ದಂಗೆ ಮೇಲುಗಡೆ ವಾಲ್ವು ತಕ್ಕಂಗೆ ತೆಗೆದು ಮುಚ್ಕಬೇಕು. ಎರಡನ್ನೂ ಜತೇಲಿ ನಡೆಸೋದೇ ಈ ಚೈನು. ಇದು ಕಿತ್ತೋಯ್ತು ಅನ್ನಿ, ವಾಲ್ವು ಬಾಯಿ ತಕ್ಕಂಡು ಅಂಗೇ ನಿಂತ್ಕತದೆ, ಪಿಸ್ಟನ್ನು ಬಂದು ಗುದ್ದೇ ಬುಡ್ತದೆ. ಹೊಸ ಚೈನು ಹಾಕೋಗಂಟ ಸ್ಟಾರ್ಟೇ ಮಾಡಬ್ಯಾಡಿ."

"ಈಗಲೇ ಹಾಕಿಬಿಡಪ್ಪ."

"ಎಂಗೆ ಸ್ವಾಮಿ? ನಾಳೆ ಪೂಜೆಗೆ ಸ್ಪ್ಯಾನರೆಲ್ಲ ತೊಳೆದಿಟ್ಟಿವ್ನಿ. ವಿಜಯದಶಮಿ ಕಳೀಲಿ, ಮಾರನೇ ದಿನ ಬತ್ತೀನಿ."

ಅಪ್ಪ ಬಹಳ ವಿಧೇಯರಾಗಿ ತಲೆಯಾಡಿಸಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಕಾರಿಗೆ ಅಭ್ಯಂಜನವೊಂದು ಬಾಕಿ, ಉಳಿದ ಉಪಚಾರವೆಲ್ಲ ಆಯಿತು. ಬಾನೆಟ್ಟಿಗೆ ಗಂಧ, ಕುಂಕುಮ, ಚೆಂಡುಹೂವಿನ ಹಾರ. ಎರಡೂ ಕಡೆ ಬಾಳೆಕಂದು. ಅಮ್ಮ ಆರತಿ ಎತ್ತಿದಳು, ಬೂದುಗುಂಬಳ ಒಡೆದಾಯಿತು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಅಕ್ಕಪಕ್ಕದವರು ಗೇಟಿನ ಹತ್ತಿರ ನಿಂತಿದ್ದರು. ಅಪ್ಪ ಜೇಬಿನಿಂದ ಕೀ ತೆಗೆದರು.

"ಅಪ್ಪ, ಸ್ಟಾರ್ಟ್ ಮಾಡಬೇಡಿ ಅಂದಿದ್ದಾನೆ ಮೇಸ್ತ್ರಿ."

"ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ನಿಂತಲ್ಲೇ ನಿಂತಿದ್ರೆ ಅಪಶಕುನ ಕಣಮ್ಮ. ಅವನು ಹೇಳಿದ್ದು ಗಾಡಿ ಓಡಿಸೋ ವಿಷಯ. ಇದು ಪೂಜೆ. ಒಂದೇ ಒಂದು ಸುತ್ತು."

ವಕೀಲರ ಎದುರು ಏನು ಹೇಳಲಿ? ಪಕ್ಕದಲ್ಲಿ ಕೂತೆ. ನಿಂಬೆಹಣ್ಣು ಪಚಕ್ಕೆಂದವು, ನೆರೆಯವರು ಕೈ ಮುಗಿದರು. ರಸ್ತೆಯ ತಿರುವಿನಲ್ಲಿ ಒಂದು ಜಟಕಾ ಮುಂದೆ ಹೋಗುತ್ತಿತ್ತು. ಹಾರ ಹಾಕಿಕೊಂಡ ಕಾರು ಕುದುರೆಯ ಹಿಂದೆ ಹೋಗುವುದುಂಟೇ? ಅಪ್ಪ ಆಕ್ಸಿಲರೇಟರ್ ಒತ್ತಿದರು. ಫಟ್ಟೆಂದಿತು, ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿದುಕೊಂಡಿತು, ಎಂಜಿನ್ ನಿಂತುಹೋಯಿತು.

ಅಪ್ಪ ಇಳಿದು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರು. ದಿನವೂ ಬೆವರಿಳಿಸುತ್ತಿದ್ದ ಹ್ಯಾಂಡಲ್ ಸಲೀಸಾಗಿ ತಿರುಗಿತು. "ನೋಡು, ಎಷ್ಟು ಹಗುರವಾಗಿದೆ! ಎಂಜಿನ್ನಿಗೆ ಏನೂ ಆಗಿಲ್ಲ" ಎಂದು ಇನ್ನೂ ಹತ್ತು ಸುತ್ತು ತಿರುಗಿಸಿದರು. ಒಳಗೆ ವಾಲ್ವುಗಳೆಲ್ಲ ಸೊಟ್ಟಗಾಗಿ, ಗಾಳಿ ಹಿಡಿದಿಡುವ ಶಕ್ತಿಯೇ ಹೋಗಿದ್ದರಿಂದ ಅದು ಹಗುರವಾಗಿದೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಆ ಜಟಕಾದವನೇ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಅವನ ಕುದುರೆಗೂ ಪೂಜೆಯಾಗಿ ಹಾರ ಬಿದ್ದಿತ್ತು. ಗೇಟಿನಲ್ಲಿದ್ದವರು ಮೆರವಣಿಗೆಯೆಂದುಕೊಂಡು ಮತ್ತೊಮ್ಮೆ ಕೈ ಮುಗಿದರು.

ಮೇಸ್ತ್ರಿ ಹೇಳಿದ ದಿನವೇ ಬಂದು ಎಂಜಿನ್ ಬಿಚ್ಚಿದ. ಗೋಣಿತಾಟಿನ ಮೇಲೆ ತುಂಡಾದ ಚೈನು, ಬಾಗಿದ ವಾಲ್ವುಗಳು, ತಲೆ ಜಜ್ಜಿದ ಪಿಸ್ಟನ್ನು ಒಂದೊಂದಾಗಿ ಬಂದವು. ಹಬ್ಬದ ನೆಪದಲ್ಲಿ ಬಂದಿದ್ದ ಅಪ್ಪನ ಇಬ್ಬರು ವಕೀಲ ಮಿತ್ರರು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದರು.

"ಬ್ಯಾಡ ಅಂತ ಅಷ್ಟು ಹೇಳಿದ್ನಲ್ಲ, ಯಾರು ಸ್ಟಾರ್ಟ್ ಮಾಡಿದ್ದು?" ಮೇಸ್ತ್ರಿಗೆ ನಿಜವಾಗಿ ಹೊಟ್ಟೆ ಉರಿದಿತ್ತು.

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಕಿವಿ ಕೆಂಪಾಗಿತ್ತು. ನನಗೆ ಅಯ್ಯೋ ಎನಿಸಿಬಿಟ್ಟಿತು. ಅವರು ಕೂಡಲೇ 'ಅಲ್ಲ, ನಾನೇ' ಎನ್ನುತ್ತಾರೆಂಬ ನಂಬಿಕೆಯೂ ಇತ್ತು.

"ನಾನೇ" ಎಂದೆ.

ಅಪ್ಪ ಕನ್ನಡಕ ಹಾಕಿಕೊಂಡರು. "ಹುಡುಗಿ, ತಿಳೀಲಿಲ್ಲ. ಹೋಗ್ಲಿ ಬಿಡು ಮೇಸ್ತ್ರಿ" ಎಂದರು. ಮಿತ್ರರು ಹೆಣ್ಣುಮಕ್ಕಳ ಕೈಗೆ ಕಾರು ಕೊಡುವ ಬಗ್ಗೆ ಸಾವಧಾನವಾಗಿ ಮಾತಾಡಿದರು. ಅಪ್ಪ ಹೂಂಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಒಳಗೆ ಹೋಗಿ ಇನ್ನೊಂದು ಸಲ ಕಾಫಿ ತಂದುಕೊಟ್ಟೆ.

ಪರೀಕ್ಷೆಯ ಸೋಮವಾರ ಹೋಯಿತು. ಎಂಜಿನ್ ಸರಿಯಾಗಲು ದೀಪಾವಳಿ ಕಳೆಯಿತು. ಕಾರು ಮನೆಗೆ ಬಂದ ಸಂಜೆ, ಇನ್ನೊಂದು ದಿನ ಗೊತ್ತುಮಾಡಿಸಿ ಎಂದು ಕೇಳಿದೆ. ಅಪ್ಪ ನನ್ನ ತಲೆ ನೇವರಿಸಿದರು.

"ಬೇಡ ಕಣಮ್ಮ. ಇನ್ನೊಂದು ಸಲ ಹಾಗೆ ಆಗಿ ನಿನಗೇ ಏನಾದರೂ ಆದರೆ?"

"ಅಪ್ಪ, ಅವತ್ತು ಓಡಿಸಿದ್ದು ನೀವು."

ಅವರು ನನ್ನನ್ನೇ ನೋಡಿದರು. ಆ ಮುಖದಲ್ಲಿ ನಾಟಕವಿರಲಿಲ್ಲ, ನಾಚಿಕೆಯಿರಲಿಲ್ಲ. ಇದ್ದದ್ದು ಬೆರಗು, ಸ್ವಲ್ಪ ನೋವು.

"ಎಲ್ಲರೆದುರು ನೀನೇ ಒಪ್ಪಿಕೊಂಡೆಯಲ್ಲಮ್ಮ" ಎಂದರು.